ಅಂಗಳದಲ್ಲಿ ಎರಡಾದ ಟ್ರ್ಯಾಕ್ಟರು

1981ರ ಜುಲೈ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಮೆಕ್ಯಾನಿಕ್ ದುರುಗಪ್ಪ ಸೂಳೆಕೆರೆ ಕೆಳಗಿನ ಒಂದು ಹಳ್ಳಿಯಲ್ಲಿ, ಶಿವಮೂರ್ತಪ್ಪನವರ ಮನೆಯಂಗಳದಲ್ಲಿ, ಟ್ರ್ಯಾಕ್ಟರಿನ ಹೊಟ್ಟೆಯಡಿ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ. ಬಾಯಲ್ಲಿ ಬೈಗುಳವಿತ್ತು. ಅದು ಯಾರಿಗೆ ಎಂಬುದು ಆ ಹೊತ್ತಿಗೆ ಅವನಿಗೂ ಖಚಿತವಿರಲಿಲ್ಲ.

ಚನ್ನಗಿರಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಟ್ರ್ಯಾಕ್ಟರಿನ ಕೆಲಸವಾದರೆ ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಅವನೇ ಹಳ್ಳಿಗೆ ಹೋಗುತ್ತಿದ್ದ. ಸಿಟ್ಟಿಗೆ ಹೆಸರಾದವನು. ಆದರೆ ಸಿಟ್ಟು ಬಂದರೆ ಅವನ ಕೈ ನಡುಗುತ್ತಿರಲಿಲ್ಲ, ನಿಧಾನವಾಗುತ್ತಿತ್ತು. "ಸಿಟ್ಟು ಬರದ ದಿನ ನಟ್ಟು ಸಡ್ಲ ಬಿಡ್ತಾನೆ" ಎಂದು ಹೆಂಡತಿ ಲಕ್ಷ್ಮಮ್ಮ ನಗುತ್ತಿದ್ದಳು.

ಟ್ರ್ಯಾಕ್ಟರಿನ ಕ್ಲಚ್ ಜಾರುತ್ತಿತ್ತು. ಹಿಂದಿನ ಸೋಮವಾರ ಭತ್ತದ ಚೀಲ ಹೇರಿಕೊಂಡು ಕಾಲುವೆ ಏರಿ ಹತ್ತುವಾಗ ಇಂಜಿನ್ನು ಅಬ್ಬರಿಸಿತೇ ಹೊರತು ಗಾಲಿ ಮುಂದೆ ಹೋಗಲಿಲ್ಲ. ಟ್ರೈಲರು ಹಿಂದಕ್ಕೆ ಉರುಳಿತು. ಶಿವಮೂರ್ತಪ್ಪ ಅಲ್ಲೇ ಡ್ರೈವರ್ ಹನುಮಣ್ಣನನ್ನು ಕೆಲಸದಿಂದ ಬಿಡಿಸಿದರು. ಟ್ರ್ಯಾಕ್ಟರು ಹೊಸದಾಗಿ ಬಂದ ದಿನದಿಂದ ಅದನ್ನು ಓಡಿಸಿದವನು ಅವನೇ.

"ನೀನೇ ಹೇಳಿದ್ಯಲ್ಲೋ ದುರುಗಪ್ಪ, ಅವನ ಕಾಲು ಯಾವಾಗ್ಲೂ ಪೆಡಲ್ ಮೇಲೇ ಇರ್ತೈತೆ, ಅದಕ್ಕೇ ಕ್ಲಚ್ ಸವೀತೈತೆ ಅಂತ" ಎಂದಿದ್ದರು ಶಿವಮೂರ್ತಪ್ಪ, ಅವನು ಬಂದ ಕೂಡಲೇ ಕಾಫಿ ಲೋಟ ಕೊಡುತ್ತಾ.

ಹೇಳಿದ್ದು ನಿಜ. ಚಳಿಗಾಲದಲ್ಲಿ ಪೆಡಲ್ ಸರಿಮಾಡಲು ಬಂದಿದ್ದಾಗ, ಏನನ್ನೂ ಬಿಚ್ಚಿ ನೋಡದೆ, ಸೈಕಲ್ ಹತ್ತುತ್ತಾ ಎಸೆದುಹೋದ ಮಾತು. ಆ ಮಾತಿನಿಂದ ಒಬ್ಬನ ಕೆಲಸ ಹೋಗಿತ್ತು. ದುರುಗಪ್ಪ ಕಾಫಿ ಮುಟ್ಟದೆ ಟ್ರ್ಯಾಕ್ಟರಿನಡಿ ನುಗ್ಗಿದ್ದ.

ಕ್ಲಚ್ ಡಬ್ಬಿಯ ತಳದಲ್ಲಿ ಬೆರಳು ಹೋಗುವಷ್ಟು ಒಂದು ತೂತು ಇರುತ್ತದೆ. ಒಳಗೆಲ್ಲಾದರೂ ಎಣ್ಣೆ ಸೋರಿದರೆ ಅಲ್ಲಿಂದ ಹೊರಗೆ ತೊಟ್ಟಿಕ್ಕಲಿ ಎಂದು. ಗದ್ದೆಯಲ್ಲಿ ಕೆಸರು ಹೊಡೆಯುವವರು ಕೆಸರು ಒಳಗೆ ಹೋಗದಂತೆ ಅದಕ್ಕೊಂದು ಮರದ ಬೆಣೆ ಬಡಿಯುತ್ತಾರೆ. ನಾಟಿ ಮುಗಿದ ಮೇಲೆ ಕೀಳುತ್ತಾರೆ. ಇಲ್ಲಿ ಬೆಣೆ ಹಾಗೇ ಇತ್ತು. ಹೋದ ಬೆಳೆಯ ಕೆಸರು ಡಬ್ಬಿಯ ತಳದಲ್ಲೆಲ್ಲ ಕಲ್ಲಿನಂತೆ ಒಣಗಿತ್ತು.

ದುರುಗಪ್ಪ ಇಕ್ಕಳ ಹಾಕಿ ಎಳೆದ. ಬೆಣೆಯ ಹಿಂದೆಯೇ ಎಣ್ಣೆ ಧಾರೆಯಾಗಿ ಅವನ ಎದೆಯ ಮೇಲೆ ಸುರಿಯಿತು. ಗೇರ್ ಡಬ್ಬಿಯ ಮಂದ ಎಣ್ಣೆಯಲ್ಲ; ತೆಳ್ಳಗೆ, ಕಪ್ಪಗಿದ್ದ ಇಂಜಿನ್ ಎಣ್ಣೆ.

"ಗೌಡ್ರೆ! ಈ ಬೆಣೆ ಯಾಕೆ ಕಿತ್ತಿಲ್ಲ?"

ಉತ್ತರ ಬಂದದ್ದು ಹೊಸಿಲ ಮೇಲಿದ್ದ ಶಿವಮೂರ್ತಪ್ಪನವರ ತಾಯಿ ಸರ್ವಮಂಗಳಮ್ಮನಿಂದ. "ನನ್ನ ಮಗ ಕಿತ್ತಿದ್ದ ಕಣಪ್ಪ. ಸಾರಿಸಿದ ಅಂಗಳಕ್ಕೆಲ್ಲ ಎಣ್ಣೆ ತೊಟ್ಟಿಕ್ತಿತ್ತು, ನಾನು ಬೈದೆ. ತಿರುಗ ಬಡಿದ. ಸೋರೋದು ನಿಂತೇಹೋತು."

"ನಿಂತಿಲ್ಲಮ್ಮ! ಮೂಗಿಗೆ ಅರಳೆ ತುರುಕಿ ನೆಗಡಿ ಹೋತು ಅಂದಂಗಾತು. ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟು ನೆಂದೈತೆ. ನೆಂದ ಪ್ಲೇಟು ಜಾರದೆ ಇನ್ನೇನು ಮಾಡ್ತೈತೆ? ಇದ್ರಾಗೆ ಹನುಮಣ್ಣನ ಕಾಲೇನು ಮಾಡೀತು?"

ಶಿವಮೂರ್ತಪ್ಪ ದಾವಣಗೆರೆಯಿಂದ ತರಿಸಿದ ಹೊಸ ಪ್ಲೇಟನ್ನು ಮುಂದಿಟ್ಟರು. "ಆತು ಬಿಡು, ಇದೊಂದು ಹಾಕು ಸಾಕು. ನಾಳೆ ಕೆರೆ ತೂಬು ಎತ್ತಿ ನೀರು ಬಿಡ್ತಾರೆ. ಕೆಸರು ಹೊಡಿಯಾಕೆ ಬೇಕು."

"ಪ್ಲೇಟು ಹಾಕಿ ಸೀಲು ಬಿಟ್ರೆ ಅದೂ ನೆನಿತೈತೆ. ಆಗ ಯಾರನ್ನ ಬಿಡಿಸ್ತೀರಿ, ನಿಮ್ಮ ಎತ್ತನ್ನಾ?"

ಎಣ್ಣೆ ಬರುತ್ತಿದ್ದದ್ದು ಇಂಜಿನ್ನಿನ ದಂಡದ ಹಿಂಬದಿಗೆ ಕೂತಿರುವ ರಬ್ಬರ್ ಸೀಲಿನಿಂದ. ಬಳೆಯಷ್ಟು ಅಗಲದ ಆ ವಸ್ತುವನ್ನು ಮುಟ್ಟಬೇಕಾದರೆ ಟ್ರ್ಯಾಕ್ಟರನ್ನೇ ನಡುವೆ ಬಿಡಿಸಿ ಎರಡು ಮಾಡಬೇಕು. ಆಳುಗಳು ಮುಂದಿನ ಅರ್ಧಕ್ಕೆ ಮರದ ತುಂಡು ಕೊಟ್ಟರು, ಹಿಂದಿನ ಅರ್ಧಕ್ಕೆ ಜಾಕು. ಬೋಲ್ಟು ಬಿಚ್ಚಿ ತಳ್ಳಿದಾಗ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗವಾಯಿತು. ದುರುಗಪ್ಪ ಅಲ್ಲಿ ಕೂತು ಕ್ಲಚ್ಚು ಕಳಚಿದ, ಅದರ ಹಿಂದಿನ ಭಾರದ ಚಕ್ರ ಇಳಿಸಿದ. ಹಳೆಯ ಸೀಲು ಒಣಗಿದ ತೊಗಲಿನಂತಾಗಿತ್ತು. ಪೆಟ್ಟಿಗೆಯಿಂದ ಹೊಸದೊಂದು ತೆಗೆದು, ಅದರ ತುಟಿಯಂಥ ಒಳ ಅಂಚನ್ನು ಇಂಜಿನ್ನಿನ ಕಡೆಗೆ ಮಾಡಿ, ತುಟಿಗೆ ಎಣ್ಣೆ ಸವರಿ, ಮರದ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿದ. ಒಂದು ಕಡೆ ಓರೆಯಾದರೆ ಪಟ್ಟ ಪಾಡೆಲ್ಲ ವ್ಯರ್ಥ. ಅಷ್ಟೂ ಹೊತ್ತು ಬೈಯುತ್ತಲೇ ಇದ್ದ. ಈಗ ಆ ಬೈಗುಳ ಹೆಚ್ಚಾಗಿ ಅವನಿಗೇ ಇತ್ತು.

ಚಕ್ರವನ್ನೂ ಹೊಸ ಪ್ಲೇಟನ್ನೂ ಕೂರಿಸಿ, ಕೈ ಒರೆಸಿಕೊಂಡು, ಕಟ್ಟೆಯ ಮೇಲೆ ಹೋಗಿ ಕೂತುಬಿಟ್ಟ.

"ಯಾಕೋ? ಜೋಡಿಸಂಗಿಲ್ಲೇನು?" ಎಂದರು ಶಿವಮೂರ್ತಪ್ಪ.

"ಹನುಮಣ್ಣನ ಕರ್ಕಂಡು ಬರ್ರಿ."

"ಅವನ್ಯಾಕೆ? ಆಳು ಅದಾರಲ್ಲ."

"ಸುಳ್ಳು ಹೇಳಿದ್ದು ನಾನು, ಅದನ್ನ ವಾಪಸ್ ತಗಣಾಕೆ ಅವನು ಎದುರಿಗಿರಬೇಕು. ಬೆಣೆ ಬಡಿದಿದ್ದು ನೀವು. ನೀವೂ ಅವನ ಮುಂದೇನೇ ಹೇಳ್ರಿ."

ಶಿವಮೂರ್ತಪ್ಪನವರ ಮುಖ ಕೆಂಪಾಯಿತು. "ಡ್ರೈವರ್ ಮನಿಗೆ ನಾನು ಹೋಗಬೇಕಾ?"

"ಟ್ರ್ಯಾಕ್ಟರು ಹೋಗಾಕಿಲ್ಲ, ಎರಡಾಗೈತೆ. ನಡ್ಕಂಡೇ ಹೋಗ್ರಿ."

ಆಳುಗಳು ಮುಖ ತಿರುಗಿಸಿ ನಕ್ಕರು. ಬೇರೆ ಮೆಕ್ಯಾನಿಕ್ಕನ್ನು ಕರೆಸುವುದಾಗಿ ಶಿವಮೂರ್ತಪ್ಪ ಕೂಗಾಡಿದರು. ಇನ್ನೊಬ್ಬ ಬಿಚ್ಚಿದ ಟ್ರ್ಯಾಕ್ಟರಿಗೆ ಯಾರೂ ಕೈ ಹಾಕುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಕೊನೆಗೆ ಸರ್ವಮಂಗಳಮ್ಮನೇ, "ಹೋಗೋ, ಬೆಣೆ ಬಡಿಯಾಕೆ ನನ್ನ ಮಾತು ಕೇಳಿದ್ಯಲ್ಲ, ಇದಕ್ಕೂ ಕೇಳು" ಎಂದರು. ಶಿವಮೂರ್ತಪ್ಪ ಚಪ್ಪಲಿ ಮೆಟ್ಟಿ ಹೊರಟರು.

ಹನುಮಣ್ಣ ಬಂದವನು ಅಂಗಳಕ್ಕೆ ಕಾಲಿಡಲಿಲ್ಲ. "ಊರಾಗೆ ಮುಖ ಎತ್ತದಂಗೆ ಮಾಡಿದ್ಯಲ್ಲ ದುರುಗಪ್ಪಣ್ಣ" ಎಂದ.

"ಬಿಚ್ಚಿ ನೋಡದೇ ಹೇಳಿದ್ದೆ, ತಪ್ಪಾತು. ಬೈಯ್ಯಾದು ಇದ್ರೆ ಬೈಯ್ಯಿ, ಆಮೇಲೆ ನಟ್ಟು ಬಿಗಿಯಾಕೆ ಪಾನಾ ಹಿಡಿ."

ಹನುಮಣ್ಣ ಬೈದ. ಚೆನ್ನಾಗಿಯೇ ಬೈದ. ದುರುಗಪ್ಪ ತಲೆಯೆತ್ತಿಕೊಂಡೇ ಕೇಳಿದ. ಶಿವಮೂರ್ತಪ್ಪ ಗೋಡೆಯ ಕಡೆ ನೋಡುತ್ತಾ, "ಬೆಣೆ ತಿರುಗ ಬಡಿದಿದ್ದು ನಾನೇ ಹನುಮಣ್ಣ. ನಾಳೆ ಟ್ರ್ಯಾಕ್ಟರು ಗದ್ದೆಗೆ ನೀನೇ ಇಳಿಸು" ಎಂದರು. ಆಳುಗಳೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಅಂದರು.

ಹನುಮಣ್ಣ ಒಳಬಂದು, ಬಿಡಿಸಿಟ್ಟ ಎರಡು ಭಾಗಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಹೊಸ ಪ್ಲೇಟಿನ ಮೇಲೆ ಬೆರಳಾಡಿಸಿದ.

"ಇನ್ನೆಷ್ಟೊತ್ತು ಹಿಡಿತೈತೋ?" ಎಂದು ಕೇಳಿದರು ಶಿವಮೂರ್ತಪ್ಪ.

ದುರುಗಪ್ಪ ದೊಡ್ಡ ಪಾನಾವನ್ನು ಹನುಮಣ್ಣನ ಕೈಗೆ ಕೊಟ್ಟು ಹೇಳಿದ: "ಇವನು ಇದ್ರೆ, ನಾಲ್ಕು ತಾಸು."