ನನ್ನ ಮಗಳು ಗಿಡದ ಡಾಕ್ಟರಲ್ಲ

ಜಾನಕಮ್ಮ, ಅವತ್ತು ನೀವು ಕೇಳಿದ ಪ್ರಶ್ನೆಗೆ ನಾನು ಬೇಕೆಂದೇ ಸುಳ್ಳು ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಅಮ್ಮತ್ತಿಯಲ್ಲಿ ನಿಮ್ಮ ಹೊಲಿಗೆ ಅಂಗಡಿಗೂ ನನ್ನ ಗೊಬ್ಬರ-ಔಷಧಿ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಇಷ್ಟು ದಿನ ಅದರ ಮರೆಯಲ್ಲೇ ಕೂತಿದ್ದೆ.

ಮೊದಲು ನನ್ನ ಹೆಮ್ಮೆಯನ್ನು ಹೇಳಿಬಿಡುತ್ತೇನೆ — ಅದಿಲ್ಲದೆ ಈ ಸುಳ್ಳು ಅರ್ಥವಾಗುವುದಿಲ್ಲ. ನನ್ನ ಮಗಳು ಸುಮಾಗೆ ಫೆಲೋಶಿಪ್ ಸಿಕ್ಕಿತು. ಎಲ್ಲೆಲ್ಲಿಂದಲೋ ವಿಜ್ಞಾನಿಗಳು ಅರ್ಜಿ ಹಾಕಿದ್ದರಂತೆ, ಆರಿಸಿದ್ದು ಬೆರಳೆಣಿಕೆಯಷ್ಟು ಮಂದಿಯನ್ನು. "ಅಪ್ಪಾಜಿ, ಸಿಕ್ತು!" ಎಂದು ಫೋನಿನಲ್ಲಿ ಕೂಗಿದಳು. ಸೂಜಿಯಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಎಚ್‌ಐವಿ ಹೇಗೆ ತಗಲುತ್ತದೆ, ಅವರು ಹೆದರದೆ ಪರೀಕ್ಷೆಗೆ ಬರುವಂತೆ ಮಾಡುವುದು ಹೇಗೆ — ಇದು ಅವಳ ಸಂಶೋಧನೆ. ಗಲ್ಲಾದ ಮುಂದೆ ಕೂತೇ ಕಣ್ಣೊರೆಸಿಕೊಂಡೆ. ಪೇಟೆಗೆಲ್ಲ ಲಾಡು ಹಂಚಿದೆ. ಆದರೆ ಏನು ಸಂಶೋಧನೆ ಎಂದು ಕೇಳಿದವರಿಗೆ — ಕಾಫಿ ಗಿಡದ ಕಾಯಿಲೆ ಎಂದುಬಿಟ್ಟೆ.

ಈ ಊರಿನಲ್ಲಿ ಅದನ್ನು ಯಾರು ತಾನೆ ಅನುಮಾನಿಸುತ್ತಾರೆ? ಗಿಡಕ್ಕೆ ಹೊಡೆಯುವ ಮೈಲುತುತ್ತ ಮಾರುವವನ ಮಗಳು ಗಿಡದ ಡಾಕ್ಟರಾಗುವುದು ಎಲ್ಲರಿಗೂ ಸರಿಯಾಗಿಯೇ ಕಂಡಿತು. ಹುಳ ಕೊರೆದ ಕಾಫಿ ಹಣ್ಣು, ಸೊರಗಿದ ಮೆಣಸಿನ ಬಳ್ಳಿ, ಕೊಳೆತ ಎಲೆ — "ಮಗಳಿಗೆ ತೋರ್ಸಿ ಸಾಹುಕಾರ್ರೇ" ಎಂದು ತಂದು ಗಲ್ಲಾದ ಮೇಲೆ ಇಡತೊಡಗಿದರು. ನಾನಾದರೂ ಕಡಿಮೆಯವನೇ? ಎರಡು ದಿನ ಬಿಟ್ಟು, "ಸುಮಾ ಈ ಔಷಧಿ ಹೊಡೀರಿ ಅಂದ್ಲು" ಎಂದು ನನಗೆ ಗೊತ್ತಿದ್ದ ಡಬ್ಬವನ್ನೇ ಕೊಟ್ಟು ಕಳಿಸುತ್ತಿದ್ದೆ. ಕೆಲವರ ಗಿಡ ಚೇತರಿಸಿಕೊಂಡವು ಬೇರೆ. ಅವಳ ಹೆಸರಿನಲ್ಲಿ ವ್ಯಾಪಾರ ನಡೆಯುತ್ತಿತ್ತು, ಅವಳ ಕೆಲಸದ ಹೆಸರು ಹೇಳಲು ಮಾತ್ರ ನನಗೆ ನಾಚಿಕೆ.

ಆ ಮಳೆಗಾಲದಲ್ಲಿ ನೀವು ಬಂದಿರಿ. ಗಿರಾಕಿಗಳೆಲ್ಲ ಹೋಗುವ ತನಕ ಕಾದು, ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಿರಿ.

"ಅಣ್ಣ, ಸುಮಾ ಓದ್ತಿರೋದು ಮನುಷ್ಯರ ಕಾಯಿಲೆನಾ, ಗಿಡದ್ದಾ?"

"ಗಿಡದ್ದು ಕಣಮ್ಮ."

"ಹಂಗಾದ್ರೆ ಬಿಡಿ" ಎಂದು ಹೊರಟಿರಿ. ನಿಮ್ಮ ಮಗ ಪ್ರವೀಣ ಬಿಸಿಲಲ್ಲೂ ತುಂಬುತೋಳಿನ ಅಂಗಿ ಬಿಡುತ್ತಿರಲಿಲ್ಲ — ಅದನ್ನು ನಾನೂ ನೋಡಿದ್ದೆ. ತೋಳಿನಲ್ಲಿ ಸೂಜಿಯ ಗುರುತಿರಬೇಕು, ಅದಕ್ಕೇ ಕೇಳಿದಿರೆಂದು ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ — ನಿಮ್ಮನ್ನು ವಾಪಸು ಕರೆಯಲಿಲ್ಲ.

ಕಾಫಿ ಪಿಕ್ಕಿಂಗ್ ಹೊತ್ತಿಗೆ ಸುಮಾ ರಜೆಗೆ ಬಂದಳು. ನೀವು ಹಿತ್ತಿಲಿನ ಬಳ್ಳಿಯ ಹಳದಿ ಎಲೆ ಹಿಡಿದು ಬಂದಿರಿ. ಅವಳು ಎಲೆಯನ್ನು ಕೈಯಲ್ಲಿ ತಿರುಗಿಸಿ ನಕ್ಕಳು. "ಆಂಟಿ, ನಂಗಿದು ಏನೂ ಗೊತ್ತಾಗಲ್ಲ. ನಾನು ಡ್ರಗ್ಸ್ ತಗೊಳ್ಳೋರ ಮಧ್ಯೆ ಎಚ್‌ಐವಿ ಬಗ್ಗೆ ಕೆಲ್ಸ ಮಾಡೋದು."

ನೀವು ನನ್ನ ಕಡೆ ತಿರುಗಿದಿರಿ. "ಹಂಗಾದ್ರೆ ಅಣ್ಣ, ಅವತ್ತು..." ಅಷ್ಟೇ. ಉಳಿದದ್ದನ್ನು ನುಂಗಿಕೊಂಡು ಅವಳ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಿರಿ.

ಸುಮಾ ಮಾಡಿಸಿದ ಪರೀಕ್ಷೆಯಲ್ಲಿ ಪ್ರವೀಣನಿಗೆ ಸೋಂಕಿದೆ ಎಂದು ಬಂತು. ಮಾತ್ರೆ ಶುರುವಾಯಿತು, ಚಟ ಬಿಡಿಸುವ ಚಿಕಿತ್ಸೆಯೂ. ಈಗ ಮೈ ತುಂಬಿಕೊಂಡಿದ್ದಾನೆ, ನಿಮ್ಮ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ ಹಾಡು ಹೇಳುತ್ತಾನೆ. ಆದರೆ ಸೋಂಕು ತಗಲಿದ್ದು ಯಾವಾಗ? ನೀವು ಕೇಳಿದ್ದಕ್ಕೆ ಮುಂಚೆಯೋ, ಆಮೇಲಿನ ಆ ತಿಂಗಳುಗಳಲ್ಲೋ? ಸುಮಾಳನ್ನು ಕೇಳಿದೆ. "ಗೊತ್ತಾಗಲ್ಲ ಅಪ್ಪಾಜಿ" ಎಂದಳು. ಸಿಟ್ಟು ಮಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜನ ಏನನ್ನುತ್ತಾರೋ, ಅಂಥವರ ಮಧ್ಯೆ ಕೂರುವ ಹುಡುಗಿಗೆ ಗಂಡು ಸಿಗುತ್ತದೋ ಇಲ್ಲವೋ — ಇಂಥ ಭಯಗಳಿದ್ದವು ನನಗೆ. ಅವನ್ನು ನಿಮ್ಮ ಮುಂದಿಟ್ಟು ಕ್ಷಮೆ ಗಿಟ್ಟಿಸಿಕೊಳ್ಳುವ ಮುಖ ನನಗಿಲ್ಲ. ಊರಿಗೆಲ್ಲ ಹೆಮ್ಮೆಯ ಲಾಡು ತಿನ್ನಿಸಿ, ಅವಳ ವಿದ್ಯೆ ಯಾರಿಗೆ ಬೇಕಿತ್ತೋ ಅವರನ್ನೇ ಬರಿಗೈಲಿ ಕಳಿಸಿದೆ.

ನಿನ್ನೆ ಬೆಳೆಗಾರರೊಬ್ಬರು ಕೊಂಬೆ ಹಿಡಿದು ಬಂದು, "ಗಿಡದ ಡಾಕ್ಟರಮ್ಮ ಯಾವಾಗ ಬರ್ತಾರೆ?" ಎಂದರು. ಗೋಡೆಯಾಚೆ ನಿಮ್ಮ ಮೆಷಿನ್ ಓಡುತ್ತಿತ್ತು. ನಾನು ಎದ್ದು ನಿಂತೆ.

"ನನ್ ಮಗ್ಳು ಗಿಡದ ಡಾಕ್ಟರಲ್ಲ. ಸೂಜಿ ಚುಚ್ಕೊಳ್ಳೋ ಹುಡುಗ್ರಿಗೆ ಎಚ್‌ಐವಿ ಬರ್ದಂಗೆ, ಬಂದ್ರೂ ಬದುಕೋ ಹಂಗೆ ಮಾಡೋ ವಿಜ್ಞಾನಿ ಅವ್ಳು. ಅದಕ್ಕೇ ಅವ್ಳಿಗೆ ಆ ಫೆಲೋಶಿಪ್ ಕೊಟ್ಟಿರೋದು."

ಅವರು ಕೊಂಬೆ ಅಲ್ಲೇ ಬಿಟ್ಟು ಹೋದರು. ನಿಮ್ಮ ಮೆಷಿನ್ ನಿಂತಿತ್ತು.

ಆ ಉತ್ತರ ನಿಮಗೆ ಸೇರಬೇಕಿತ್ತು ಜಾನಕಮ್ಮ, ಆ ಮಳೆಗಾಲದಲ್ಲೇ. ಗೋಡೆಯಾಚೆಯಿಂದ ಕೇಳಿಸಿದರೆ ಸಾಲದು. ನಾಳೆ ನೀವು ಬಾಗಿಲು ತೆಗೆದ ಕೂಡಲೇ ಬಂದು ಇದನ್ನೆಲ್ಲ ನಿಮ್ಮ ಮುಖ ನೋಡಿ ಹೇಳುತ್ತೇನೆ. ಅವತ್ತು ನುಂಗಿಕೊಂಡ ಮಾತನ್ನು ನೀವು ಪೂರ್ತಿ ಮಾಡಿ; ನಾನು ಕೇಳಿಸಿಕೊಳ್ಳುತ್ತೇನೆ.