ಮಾಂತುವಿನ ಗಿಟಾರಿನ ಬೋಣಿ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಮಳಿಗೆಗಳಿಗೆ ಬರವಿಲ್ಲ. ಆದರೆ ಬೆಲ್ಲ ಕೊಳ್ಳುವ ಯಾವ ಇರಾದೆಯೂ ಇಲ್ಲದ, ಉದ್ದ ಕೂದಲಿನ, ಕಪ್ಪು ಅಂಗಿಯ ಗಂಡಸರು ಭಾನುವಾರ ಬೆಳಿಗ್ಗೆ ಚಪ್ಪಲಿ ಬಿಟ್ಟು, ಕೈ ತೊಳೆದು, ತಲೆ ಬಗ್ಗಿಸಿ ಒಳಗೆ ಹೋಗುವ ಮಳಿಗೆ ಒಂದೇ. ಅದು ಮಾಂತುವಿನದು. ಅವರು ಬರುತ್ತಿದ್ದದ್ದು ದರ್ಶನಕ್ಕೆ.

ದರ್ಶನ ಕೊಡುತ್ತಿದ್ದದ್ದು ಒಂದು ಎಲೆಕ್ಟ್ರಿಕ್ ಗಿಟಾರು. ಅಮೆರಿಕದ ಯಾವುದೋ ಊರಿನ ಸಣ್ಣ ಕಾರ್ಖಾನೆಯಲ್ಲಿ ಒಬ್ಬನೇ ಕುಶಲಕರ್ಮಿ ಕೈಯಾರೆ ಕಡೆದದ್ದು. ಮಹಾಗನಿ ಮರದ ಮೈ, ಅದರ ಮೇಲೆ ಹುಲಿಪಟ್ಟೆಯಂಥ ಗೆರೆಗಳು ಓಡುವ ಮೇಪಲ್ ಹಲಗೆ, ಅದಕ್ಕೆ ಕೊಲ್ಹಾಪುರದ ಒಂದನೇ ದರ್ಜೆಯ ಬೆಲ್ಲದ ಪೆಂಟಿಯನ್ನು ಒಡೆದಾಗ ಒಳಗೆ ಹೊಳೆಯುವ ಬಣ್ಣದ ಮೆರುಗು. ಈ ಬಣ್ಣಕ್ಕೇ ಮಾಂತು ಸೋತದ್ದು. ಬೆಲ್ಲದ ವ್ಯವಹಾರಕ್ಕೆಂದು ಮುಂಬೈಗೆ ಹೋದವನು ಅಂಗಡಿಯೊಂದರ ಗಾಜಿನ ಹಿಂದೆ ಅದನ್ನು ಕಂಡು, ತನ್ನದೇ ಸರಕು ಅಮೆರಿಕಕ್ಕೆ ಹೋಗಿ ಅವತಾರವೆತ್ತಿ ಬಂದಿದೆ ಎಂದು ಭಾವಿಸಿ ನಿಂತುಬಿಟ್ಟ. ವಾಪಸಾಗುವಾಗ ಮಳಿಗೆಗೆ ಹೊಸ ಟೆಂಪೊ ಬರಬೇಕಿತ್ತು. ಗಿಟಾರು ಬಂತು.

"ಟೆಂಪೊ ತರ್ತೀನಿ ಅಂತ ಹೋಗಿ ಕಟ್ಟಿಗಿ ತಂದಾರ್ರಿ," ಎಂದು ಅವನ ಹೆಂಡತಿ ಅಂಬಾ ತವರಿಗೆ ಫೋನು ಮಾಡಿ ಹೇಳಿದಳು. ತಾಯಿ ಪಾರವ್ವ ಮಾತ್ರ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಡ ಸಣ್ಣದದ, ಬಣ್ಣ ಛಲೋ ಅದ. ಸಣ್ಣ ಸೊಸಿ ಅಂತ ತಿಳಕೋತೀನಿ," ಎಂದು ತನ್ನ ಹಳೆಯ ಇಳಕಲ್ ಸೀರೆಯನ್ನು ಹೊದಿಸಲು ಕೊಟ್ಟಳು.

ಗಿಟಾರಿಸ್ಟುಗಳ ಲೋಕದಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಸಾಸವಡದ ಲಗ್ನದ ಬ್ಯಾಂಡಿನವನೊಬ್ಬ, ಆ ಮರ ಸಮುದ್ರದಲ್ಲಿ ಮುಳುಗಿದ್ದ ಹಡಗಿನದು ಎಂದು ಆಣೆ ಮಾಡಿದ. ಬಾರಾಮತಿಯ ಸಕ್ಕರೆ ಕಾರ್ಖಾನೆಯ ಇಂಜಿನಿಯರೊಬ್ಬ ಒಂದು ತಂತಿ ಮೀಟಿ, ಹೊರಗೆ ಹೋಗಿ ಚಹಾ ಕುಡಿದು ಬಂದರೂ ಅದರ ನಾದ ಇನ್ನೂ ಮೊಳಗುತ್ತಿತ್ತು ಎಂದು ಸಾರಿದ. ತಯಾರಿಸಿದವನು ಇದಾದ ಮೇಲೆ ಉಳಿ ಕೆಳಗಿಟ್ಟು ಸನ್ಯಾಸಿಯಾದನೆಂಬ ಕಥೆಯೂ ಹುಟ್ಟಿತು. ಮಾಂತು ಯಾವುದನ್ನೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ವ್ಯಾಪಾರಿ ಯಾವಾಗ ಸುಮ್ಮನಿರಬೇಕೆಂಬುದು ಅವನಿಗೆ ಗೊತ್ತಿತ್ತು.

ಇಷ್ಟೆಲ್ಲ ಕೀರ್ತಿಯ ನಡುವೆ ಒಂದು ಸಣ್ಣ ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ. ಮಾಂತು ಗಿಟಾರ್ ನುಡಿಸಿದ್ದನ್ನು ಯಾರೂ ಕೇಳಿರಲಿಲ್ಲ.

ನುಡಿಸುತ್ತಿರಲಿಲ್ಲವೆಂದಲ್ಲ. ಸಂಜೆ ಹಮಾಲರು ಮನೆಗೆ ಹೋದ ಮೇಲೆ ಮಳಿಗೆಯ ಹಿಂದಿನ ಗೋದಾಮಿನಲ್ಲಿ ಪೆಂಟಿಗಳ ಸಾಲಿನ ನಡುವೆ ಕುಳಿತು ದಿನವೂ ನುಡಿಸುತ್ತಿದ್ದ. ಆದರೆ ಆಂಪ್ಲಿಫೈಯರಿಗೆ ಜೋಡಿಸುತ್ತಿರಲಿಲ್ಲ. ಅವನ ಹತ್ತಿರ ಆಂಪ್ಲಿಫೈಯರೇ ಇರಲಿಲ್ಲ. ವೈರು ಜೋಡಿಸದ ಎಲೆಕ್ಟ್ರಿಕ್ ಗಿಟಾರು ಎಂದರೆ ಸೊಳ್ಳೆಯ ಸಂಗೀತ. ನುಡಿಸುವವನಿಗೆ ಕೇಳುತ್ತದೆ, ಪಕ್ಕದ ಕೋಣೆಗೆ ಕೇಳುವುದಿಲ್ಲ. ತಾನು ದಖ್ಖನದ ಶ್ರೇಷ್ಠ ಗಿಟಾರ್ ವಾದಕರಲ್ಲಿ ಒಬ್ಬನೆಂಬುದು ಮಾಂತುವಿನ ದೃಢವಾದ ನಂಬಿಕೆಯಾಗಿತ್ತು. ಅದನ್ನು ಅಲ್ಲಗಳೆಯುವ ಸಾಕ್ಷ್ಯ ಜಗತ್ತಿನಲ್ಲಿ ಯಾರ ಬಳಿಯೂ ಇರಲಿಲ್ಲ. ಹೀಗೆ ಅಜೇಯನಾಗಿ ನಲವತ್ತೆಂಟು ದಾಟಿದ್ದ.

ದಸರೆಗೆ ಮುಂಚೆ ಒಂದು ಭಾನುವಾರ ಶ್ರೀನಾಥ್ ಬಂದ. ಮೈಸೂರಿನ ಕಡೆಯವನು, ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ. 'ಘಾಟ್ ಸೆಕ್ಷನ್' ಎಂಬ ಕನ್ನಡ ಬ್ಯಾಂಡಿನ ಗಿಟಾರಿಸ್ಟ್. ದಸರೆಯ ಸಂಜೆ ಪಿಂಪ್ರಿ-ಚಿಂಚವಾಡದ ಕನ್ನಡ ಬಳಗದವರ ಕಾರ್ಯಕ್ರಮದಲ್ಲಿ ಅವರ ಬ್ಯಾಂಡು ನುಡಿಸುವುದಿತ್ತು.

"ಅಣ್ಣಾ, ಲಾಸ್ಟ್ ಸಾಂಗ್‌ಗೆ ಒಂದು ದೊಡ್ಡ ಸೋಲೊ ಇದೆ," ಎಂದ ಶ್ರೀನಾಥ್. "ಅದಕ್ಕೆ ನೀವು..."

ಮಾಂತುವಿನ ಎದೆ ಡೊಳ್ಳಾಯಿತು. ಕೊನೆಗೂ ಜಗತ್ತು ಬಾಗಿಲು ಬಡಿದಿದೆ. ಗಾಂಭೀರ್ಯ ಬಿಡದೆ ಗಂಟಲು ಸರಿಮಾಡಿಕೊಂಡು, "ಹೇಳೋ ತಮ್ಮಾ," ಎಂದ.

"...ನಿಮ್ಮ ಗಿಟಾರ್ ಕೊಡ್ತೀರಾ? ನಾನು ನುಡಿಸ್ತೀನಿ. ಪೋಸ್ಟರಲ್ಲಿ ಅದರ ಫೋಟೊ ಹಾಕ್ಸಿದ್ರೆ ಹಾಲ್ ಫುಲ್ ಆಗುತ್ತೆ ಅಣ್ಣಾ."

ಮನೆಗೆ ಬಂದವರಿಗೆ ಇಲ್ಲವೆನ್ನುವ ವಿದ್ಯೆ ಮಾಂತುವಿನ ಮನೆತನದಲ್ಲಿ ಯಾರೂ ಕಲಿತಿರಲಿಲ್ಲ. "ಒಯ್ಯಪಾ," ಎಂದುಬಿಟ್ಟ. ಶ್ರೀನಾಥ್ ಹೋದ ಮೇಲೆ ಅಂಬಾ ಚಹಾದ ಕಪ್ಪು ಎತ್ತುತ್ತಾ, "ಮದಲಿಂಗ ಅಂವಾ, ಕುದರಿ ನಮ್ದೇನ್ರಿ?" ಎಂದಳು. ಮರುದಿನದಿಂದ, ಬ್ಯಾಂಡಿನವರು ವಾಟ್ಸಾಪಿನಲ್ಲಿ ಹಂಚಿದ್ದ ಕೊನೆಯ ಹಾಡಿನ ಧ್ವನಿಮುದ್ರಣ ಹಚ್ಚಿ, ಯಾರಿಗೂ ಹೇಳದೆ ಆ ಸೋಲೊವನ್ನು ಗೋದಾಮಿನಲ್ಲಿ ಸೊಳ್ಳೆಯ ಸ್ವರದಲ್ಲಿ ತಿದ್ದತೊಡಗಿದ. ಬೇರೆಯವನು ಏರಲಿರುವ ಕುದುರೆಯನ್ನು ರಾತ್ರಿ ಕದ್ದು ಓಡಿಸುವವನ ಹಾಗೆ.

ಆಯುಧಪೂಜೆಯ ಖಂಡೇನವಮಿ ಬಂತು. ಅಂದು ಮಳಿಗೆಯ ದುಡಿಯುವ ಸಾಮಾನೆಲ್ಲ ದುಡಿಮೆ ಬಿಟ್ಟು ದೇವರಾಗುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ, ಹಮಾಲರ ಕೊಕ್ಕೆಗಳು, ಬೆಲ್ಲ ಒಡೆಯುವ ಕೊಡಲಿ, ಬಿಲ್ಲಿನ ಪ್ರಿಂಟರು, ಎಲ್ಲಕ್ಕೂ ವಿಭೂತಿಯ ಮೂರು ಪಟ್ಟೆ, ಕುಂಕುಮ, ಚೆಂಡುಹೂವು. ಸಂಜೆ ಗಿಟಾರನ್ನು ಒಯ್ಯಲು ಶ್ರೀನಾಥ್ ಬರುವವನಿದ್ದ. ತವರು ಬಿಟ್ಟು ಹೋಗುವ ಮಗಳಿಗೆ ಉಡಿ ತುಂಬುವ ಭಾವದಲ್ಲಿ ಮಾಂತು ಇಳಕಲ್ ಸೀರೆ ಸರಿಸಿ, ಗಿಟಾರನ್ನು ತಂದು ತಕ್ಕಡಿಯ ಪಕ್ಕ ಒರಗಿಸಿದ.

"ಇದಕ್ಕೂ ಒಂದೀಟ ಹಚ್ಚವಾ."

ಪಾರವ್ವ ಕಂಜೂಸಿ ಮಾಡುವವಳಲ್ಲ. ವಿಭೂತಿಯನ್ನು ನೀರಲ್ಲಿ ಕಲಸಿ ಆ ಅಮೆರಿಕನ್ ಮೇಪಲ್ಲಿನ ಹಣೆ ಎಲ್ಲಿದೆಯೋ ಅಂದಾಜು ಮಾಡಿ ಮೂರು ಬೆರಳು ಎಳೆದಳು. ಅರಿಶಿನ, ಕುಂಕುಮ ಇಟ್ಟಳು. ತಂತಿಗಳ ನಡುವೆ ಚೆಂಡುಹೂವು ಸಿಕ್ಕಿಸಿದಳು.

ಅದೇ ಹೊತ್ತಿಗೆ ಶ್ರೀನಾಥ್ ಬಾಗಿಲಲ್ಲಿ ನಿಂತ. ಜೊತೆಗೆ ಬ್ಯಾಂಡಿನ ಡ್ರಮ್ಮರ್ ಸಿಂಧೂರ ಇದ್ದಳು.

"ಅಯ್ಯಯ್ಯೋ ಅಣ್ಣಾ!" ಶ್ರೀನಾಥನ ದನಿ ಕೀರಲಾಯಿತು. "ಅದು ನೈಟ್ರೊ ಫಿನಿಷ್ ಕಣಣ್ಣಾ! ಅರಿಶಿನ ಇಳಿದ್ರೆ ಪರ್ಮನೆಂಟ್! ಒರೆಸಿ, ಬೇಗ ಒರೆಸಿ ಕೊಡಿ!"

"ಯಾರಿಗೆ ಕೊಡೂದು?" ಎಂದಳು ಪಾರವ್ವ.

"ನನಗೆ ಅಜ್ಜಿ. ನಾಳೆ ಪ್ರೋಗ್ರಾಂ ಇದೆಯಲ್ಲ."

ಪಾರವ್ವ ಕೈಯ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡಳು. "ಪೂಜಾಕ್ಕ ಕುಂತದ್ದನ್ನ ಇವತ್ತ ಎಬ್ಬಸಂಗಿಲ್ಲ. ನಾಳೆ ಮದಲನೇ ಕೈ ಮಾಲಕಂದು. ಅಂವಾ ಬೋಣಿ ಮಾಡೂತನಕ ಬ್ಯಾರೆಯವ್ರಿಗೆ ಕೊಟ್ರ ವರ್ಷದ ಧಂದೇ ಎತ್ತಿ ಕೊಟ್ಟಂಗ. ತಕ್ಕಡಿ ಕೊಡ್ತೀವೇನು? ಹಂಗ ಇದೂ."

ಮಾಂತುವಿಗೆ ಆಗ ಹೊಳೆಯಿತು, ತಾನೆಂಥ ಕೆಲಸ ಮಾಡಿದೆನೆಂದು. ಇಷ್ಟು ವರ್ಷ ಗಿಟಾರು ದೇವರಾಗಿತ್ತು, ದೇವರಿಗೆ ಕೆಲಸವಿರುವುದಿಲ್ಲ. ಇಂದು ಅದನ್ನು ತಾನೇ ಕೈಯಾರೆ ಎತ್ತಿ ತಂದು ಕೊಕ್ಕೆ, ಕೊಡಲಿಗಳ ಪಂಕ್ತಿಯಲ್ಲಿ ಕೂರಿಸಿದ್ದ. ಈ ಪಂಕ್ತಿಯಲ್ಲಿ ಕೂತದ್ದು ನಾಳೆ ದುಡಿಯಬೇಕು.

ಶ್ರೀನಾಥ್ ಬುದ್ಧಿವಂತ. "ಸರಿ ಅಜ್ಜಿ. ಬೆಳಿಗ್ಗೆ ಅಣ್ಣ ಒಂದ್ಸಲ ಟ್ರಿಂಗ್ ಅನ್ನಿಸ್ಲಿ. ಬೋಣಿ ಆಯ್ತು. ಆಮೇಲೆ ನಾನು ತಗೊಂಡು ಹೋಗ್ತೀನಿ."

"ಖಾಲಿ ತಕ್ಕಡಿ ಮ್ಯಾಲೆ ಕೈ ಇಟ್ರ ಬೋಣಿ ಆಗ್ತದೇನೋ ಹುಡುಗಾ? ಗಿರಾಕಿ ಬರಬೇಕ, ಮಾಲ ಹೋಗಬೇಕ." ಪಾರವ್ವ ಮಗನ ಕಡೆ ತಿರುಗಿದಳು. "ಇದರ ಗಿರಾಕಿ ಎಲ್ಲಿರ್ತಾರಪಾ?"

"ಹಾಲ್‌ನಲ್ಲಿ," ಎಂದಳು ಸಿಂಧೂರ, ನಗು ತಡೆದುಕೊಂಡು. "ಅಂದ್ರೆ ಅಂಕಲ್ಲೇ ನುಡಿಸ್ಬೇಕು. ಸಿಂಪಲ್."

"ಅಣ್ಣ ನುಡಿಸ್ತಾರಾ?" ಎಂದು ಶ್ರೀನಾಥ್ ಕೇಳಿಯೇಬಿಟ್ಟ.

ಎಲ್ಲರೂ ಮಾಂತುವನ್ನು ನೋಡಿದರು. ಅಂಬಾ ಎಲ್ಲರಿಗಿಂತ ಹೆಚ್ಚು ಆಸಕ್ತಿಯಿಂದ ನೋಡಿದಳು. ಇಲ್ಲ ಎಂದರೆ ಗಿಟಾರು ಕಪಾಟಿಗೆ, ಮಾಂತು ಅದರ ಕಾವಲುಗಾರ, ಸಾಯುವತನಕ. ಹೌದೆಂದರೆ ನಾಳೆ ಸಂಜೆಗೆ ಸಾಕ್ಷ್ಯ ಹುಟ್ಟುತ್ತದೆ, ಯಾವ ಕಡೆಯದೋ ಗೊತ್ತಿಲ್ಲ.

"ನುಡಸ್ತೀನಿ," ಎಂದ ಮಾಂತು. ತನ್ನ ದನಿ ಇಷ್ಟು ದೊಡ್ಡದೆಂದು ಅವನಿಗೇ ಗೊತ್ತಿರಲಿಲ್ಲ.

ದಸರೆಯ ದಿನ ಬನ್ನಿ ಕೊಟ್ಟು ತೆಗೆದುಕೊಂಡು, 'ಬಂಗಾರದಾಂಗ ಇರೂಣು' ಎಂದು ಬೀದಿಯವರಿಗೆಲ್ಲ ಹೇಳಿ, ಮಾಂತು ಸೀಮೋಲ್ಲಂಘನಕ್ಕೆ ಹೊರಟ. ಹಿಂದಿನ ಕಾಲದ ರಾಜರು ಆನೆ ಏರಿ ಗಡಿ ದಾಟುತ್ತಿದ್ದರು. ಮಾಂತು ಬಾಡಿಗೆ ಟೆಂಪೊ ಏರಿದ. ಹೆಂಡತಿ, ತಾಯಿ, ಮಡಿಲಲ್ಲಿ ಗಿಟಾರು. ಪುಣೆಯ ಮಂದಿಯೆಲ್ಲ ಹೊಸ ಕಾರು, ಹೊಸ ಸ್ಕೂಟರು ಬಿಡಿಸಿಕೊಂಡು ಹಾರ ಹಾಕಿ ರಸ್ತೆಗಿಳಿದಿದ್ದರು. ಆ ಮದುವಣಿಗರ ಮೆರವಣಿಗೆಯಲ್ಲಿ ಸಿಕ್ಕಿಕೊಂಡು ಸಭಾಂಗಣ ಮುಟ್ಟುವಷ್ಟರಲ್ಲಿ ಕಾರ್ಯಕ್ರಮ ಅರ್ಧ ಮುಗಿದಿತ್ತು. ತಾಲೀಮಿಗೆ ಹೊತ್ತಿರಲಿಲ್ಲ. ಮೊದಲ ಸಾಲಿನಲ್ಲಿ ದರ್ಶನದ ಭಕ್ತರೆಲ್ಲ ಕೈಕಟ್ಟಿ ಕೂತಿದ್ದರು, ಸಾಸವಡದವನು, ಬಾರಾಮತಿಯವನು. ವಿಭೂತಿ ಧರಿಸಿದ ಗಿಟಾರು ವೇದಿಕೆಗೆ ಬಂದಾಗ ಅವರ ನಡುವೆ ಒಂದು ನರಳಾಟ ಹಾದುಹೋಯಿತು.

ಕೊನೆಯ ಹಾಡು. ಧ್ವನಿ ನೋಡಿಕೊಳ್ಳುವ ಮರಾಠಿ ತರುಣ ವೈರಿನ ತುದಿಯನ್ನು ಗಿಟಾರಿಗೆ ಚುಚ್ಚಿದ. ಮಾಂತು ಅಭ್ಯಾಸಬಲದಿಂದ, ಗೋದಾಮಿನಲ್ಲಿ ಮೀಟುವಷ್ಟೇ ಜೋರಾಗಿ ಒಂದು ತಂತಿ ಮೀಟಿದ.

ಸಭಾಂಗಣದ ಕಿಟಕಿಗಳು ನಡುಗಿದವು. ಪಾರವ್ವ "ಶಿವಶಿವಾ" ಎಂದು ಕಿವಿ ಮುಚ್ಚಿಕೊಂಡಳು. "ಕಾಕಾ, ಹಳೂ, ಹಳೂ!" ಎಂದು, ಮೆಲ್ಲಗೆ ಎಂಬಂತೆ ಕೈ ಆಡಿಸುತ್ತಾ ಆ ತರುಣ ಓಡಿಬಂದ. ಮಾಂತು ಮಾತ್ರ ಬೆಪ್ಪಾಗಿ ನಿಂತಿದ್ದ. ಸೊಳ್ಳೆಯೆಂದು ಸಾಕಿದ್ದು ಸಲಗವಾಗಿತ್ತು. ಜನ ಏಕೆ ಈ ಗಿಟಾರುಗಳ ಹಿಂದೆ ಹುಚ್ಚಾಗುತ್ತಾರೆಂದು ವರ್ಷಗಟ್ಟಲೆ ಭಕ್ತರಿಗೆ ವಿವರಿಸಿದ್ದವನಿಗೆ ಅದು ಈಗ ತಿಳಿಯಿತು. ಬೆರಳು ಹಗುರಾಗಿ ಮುಟ್ಟಿದರೆ ಅದು ಹಾಗೇ ಪಿಸುಗುಟ್ಟುತ್ತಿತ್ತು, ಒತ್ತಿದರೆ ಗದರುತ್ತಿತ್ತು. ಏನನ್ನೂ ಮುಚ್ಚಿಡುತ್ತಿರಲಿಲ್ಲ.

ಏನನ್ನೂ ಮುಚ್ಚಿಡದಿರುವುದೇ ಕಂಟಕ. ಸಿಂಧೂರಳ ಡ್ರಮ್ಮು ತಾಳ ಹಿಡಿಯಿತು, ಹಾಡು ಸಾಗಿತು, ಸೋಲೊ ಬಂತು. ಮಾಂತು ಅರ್ಧದವರೆಗೆ ದಿಗ್ವಿಜಯ ಮಾಡಿದ. ಅನಂತರ, ಇಡೀ ಬ್ಯಾಂಡು ಮೌನವಾಗಿ ಒಂದೇ ಸ್ವರ ಎತ್ತರದಲ್ಲಿ ನಿಲ್ಲಬೇಕಾದ ಜಾಗದಲ್ಲಿ, ಅವನ ಬೆರಳು ಪಕ್ಕದ ಮನೆಯಲ್ಲಿ ಇಳಿಯಿತು. ತಪ್ಪು ಸ್ವರ.

ಸಾಧಾರಣ ಗಿಟಾರಾಗಿದ್ದರೆ ಆ ಸ್ವರ ಅಲ್ಲೇ ನಾಚಿ ಸಾಯುತ್ತಿತ್ತು. ಇದು ಕೀರ್ತಿವಂತ ವಾದ್ಯ. ಯಾವ ದೀರ್ಘನಾದಕ್ಕಾಗಿ ಜನ ಬಾರಾಮತಿಯಿಂದ ಬರುತ್ತಿದ್ದರೋ ಆ ಆಯುಷ್ಯವನ್ನೆಲ್ಲ ಅದು ತಪ್ಪು ಸ್ವರಕ್ಕೂ ಧಾರೆಯೆರೆಯಿತು. ಸ್ವರ ಸಭಾಂಗಣದ ನಡುವೆ ದೀಪಸ್ತಂಭದ ಹಾಗೆ ನಿಂತಿತು. ಸಾಯುವ ಲಕ್ಷಣವೇ ಇಲ್ಲ. ಶ್ರೀನಾಥ್ ಕಣ್ಣು ಮುಚ್ಚಿಕೊಂಡ.

ಮಾಂತು ಕಣ್ಣು ಮುಚ್ಚಲಿಲ್ಲ. ಮಾಲು ಕೈಬಿಟ್ಟಾಗಿದೆ, ಗಿರಾಕಿ ಎದುರಿಗಿದ್ದಾನೆ. ಈಗ ಓಡಿಹೋಗುವವನು ವ್ಯಾಪಾರಿಯಲ್ಲ. ಸ್ವರ ಇನ್ನೂ ಜೀವಂತವಿದೆ ಎಂದಮೇಲೆ ಅದನ್ನು ಇನ್ನೂ ತಿದ್ದಬಹುದು. ಬೆರಳು ಎತ್ತದೆ, ತಂತಿಯನ್ನು ಮೆಲ್ಲಗೆ, ಬಾವಿಯಿಂದ ಕೊಡ ಎಳೆದ ಹಾಗೆ ಮೇಲೆ ತಳ್ಳತೊಡಗಿದ. ಸ್ವರ ನರಳಿತು, ಏರಿತು, ಇನ್ನೂ ಏರಿತು. ಅವನ ಉಂಗುರ ಮೆರುಗಿನ ಮೇಲೆ ಕರ್ರೆಂದು ಒಂದು ಗೆರೆ ಎಳೆದದ್ದು ಮೊದಲ ಸಾಲಿಗೆಲ್ಲ ಕಂಡಿತು, ಅವನಿಗೆ ಮಾತ್ರ ಕಾಣಲಿಲ್ಲ. ಆ ಸ್ವರ ತನ್ನ ನಿಜವಾದ ಮನೆಯ ಹೊಸ್ತಿಲು ಮುಟ್ಟಿತು. ಸಭೆ ಇಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ಒಟ್ಟಿಗೇ ಬಿಟ್ಟಿತು, ಮತ್ತೆ ಒಟ್ಟಿಗೇ ಕೂಗಿತು. ಸಿಂಧೂರ ನಗುತ್ತಾ ಡ್ರಮ್ಮಿಗೆ ಬಡಿದ ಪೆಟ್ಟಿಗೆ ಕೋಲು ಮುರಿಯಿತು.

ಕಾರ್ಯಕ್ರಮ ಮುಗಿದ ಮೇಲೆ ಭಕ್ತರು ಮೊಬೈಲಿನ ಬೆಳಕು ಹಿಡಿದು ಗೀರನ್ನು ಪರೀಕ್ಷಿಸುತ್ತಿದ್ದರು. ಸತ್ತವರ ಮನೆಯ ಮುಖ ಕೆಲವರದು. ಇನ್ನು ಕೆಲವರು ಆಗಲೇ, ಇಂಥ ಗೀರು ಬೇಕೆಂದು ವಿದೇಶದಲ್ಲಿ ಕಾರ್ಖಾನೆಯವರೇ ಕೆರೆದು ಕೊಡುತ್ತಾರೆ, ಅದಕ್ಕೆ ಬೇಡಿಕೆ ಹೆಚ್ಚು ಎಂದು ವಾದ ಹೂಡಿದ್ದರು. ಅಂಬಾ ಗಂಡನ ಬಳಿ ಬಂದು, "ಇಷ್ಟ ವರ್ಷ ಗೋದಾಮಿನ್ಯಾಗ ಇದನ್ನ ಮಾಡ್ತಿದ್ರೇನು? ನಾ ಫೋನ್ ನೋಡ್ಕೋತ ಕೂಡತೀರಿ ಅಂದಿದ್ದೆ," ಎಂದಳು. ಹೇಳಿ ಅಲ್ಲೇ ಅವನ ಪಕ್ಕ ನಿಂತಳು, ಫೋಟೊ ತೆಗೆಯುವವರಿಗೆ ಕಾಣುವ ಹಾಗೆ.

ಶ್ರೀನಾಥ್ ಕಿವಿಯ ಹತ್ತಿರ ಬಾಗಿ ಕೇಳಿದ. "ಅಣ್ಣಾ, ನಿಜ ಹೇಳಿ. ಆ ನೋಟ್ ರಾಂಗ್ ಅಲ್ವಾ?"

"ಪೂರಾ ರಾಂಗ್," ಎಂದ ಮಾಂತು. "ಆದ್ರ ಎಂಥಾ ಛಂದ ರಾಂಗ್ ಇತ್ತು!"

"ಮುಂದಿನ ತಿಂಗಳು ಇನ್ನೊಂದು ಶೋ ಇದೆ. ಬೋಣಿ ಆಯ್ತಲ್ಲ, ಈಗಲಾದ್ರೂ ಗಿಟಾರ್..."

"ಈಗ ಅದು ದುಡ್ಯಾಕ ಹತ್ತೇದೋ ತಮ್ಮಾ. ಅದು ಬೇಕಾದ್ರ ಅದರ ಸಂಗಾಟ ನಾನೂ ಬರ್ತೀನಿ. ಬಿಡಿ ಮಾಲ ಕೊಡೂದಿಲ್ಲ."

ಸಿಂಧೂರ ಮುರಿದ ಕೋಲನ್ನು ಚೀಲಕ್ಕೆ ಹಾಕುತ್ತಾ ತಲೆ ಎತ್ತದೆಯೇ, "ಗುರುವಾರ ರಿಹರ್ಸಲ್ ಅಂಕಲ್. ಲೇಟ್ ಮಾಡ್ಬೇಡಿ," ಎಂದಳು.

ಗುರುವಾರ ಮಾಂತುವಿನ ಮಳಿಗೆಯ ಬಾಗಿಲು ಮಧ್ಯಾಹ್ನವೇ ಮುಚ್ಚಿತು. ಬೆಲ್ಲಕ್ಕೆಂದು ಬಂದವರೂ ದರ್ಶನಕ್ಕೆಂದು ಬಂದವರೂ ಕಟ್ಟೆಯ ಮೇಲೆ ಕೂತು ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಂಡರು.