ವಾಸಿಯಾದ ಕೈಯಲ್ಲಿ ಉಳಿದ ಉರಿ

ಹೊಸಕೋಟೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ನನ್ನ ರೋಗಿ ಮಂಜುಳಮ್ಮನವರ ಬಲಗೈ ಮೆಷಿನ್ನಿಗೆ ಸಿಕ್ಕಿ ಜಜ್ಜಿಹೋಗಿತ್ತು. ಗಾಯ ಮಾಯ್ದು ವರ್ಷವಾದರೂ ಉರಿ ನಿಂತಿರಲಿಲ್ಲ, ಮಡಿಸಿದ ಬೆರಳು ಬಿಚ್ಚುತ್ತಿರಲಿಲ್ಲ. ಮನೆಯವರು ನಾಟಕ ಅಂದಿದ್ದರು.

"ನಾಟಕ ಅಲ್ಲಮ್ಮ," ಅಂದೆ. "ಮಿದುಳಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ದಾಟಿಸೋ ಸಂದಿಗಳಿವೆ. ನೋವು ದಾಟಿ ದಾಟಿ ಅವು ಬಲಿತುಬಿಟ್ಟಿವೆ. ಮಿದುಳು ನೋವನ್ನ ಕಲಿತುಬಿಟ್ಟಿದೆ."

ಅವರ ಕಣ್ಣು ತುಂಬಿತು. "ಹಂಗಾದ್ರೆ ನಾನ್ ಸುಳ್ಳು ಹೇಳ್ತಿಲ್ಲ ಅಲ್ವಾ ಸಾರ್?"

ಬಲಗೈಯನ್ನು ಕನ್ನಡಿಯ ಹಿಂದೆ ಇಡಿಸಿ, ಎಡಗೈಯ ಪ್ರತಿಬಿಂಬವನ್ನೇ ಬಲಗೈ ಅಂದುಕೊಂಡು ನೋಡುತ್ತಾ ಬೆರಳಾಡಿಸಲು ಹೇಳಿದೆ. ವಾರಗಟ್ಟಲೆ ಮಾಡಿದರು. ಒಂದು ದಿನ ಕನ್ನಡಿಯ ಹಿಂದಿನ ಬೆರಳುಗಳೂ ಮೆಲ್ಲಗೆ ಬಿಚ್ಚಿಕೊಂಡವು.

ಉರಿ ಅರ್ಧಕ್ಕಿಳಿದ ಮೇಲೆ ಮಂಜುಳಮ್ಮ ನಕ್ಕರು: "ಇಷ್ಟು ಚೆನ್ನಾಗಿ ಕಲಿಯೋ ಮಿದುಳು ಸ್ಕೂಲಲ್ಲಿ ಮಗ್ಗಿ ಯಾಕೆ ಕಲೀಲಿಲ್ಲ ಸಾರ್?"